ಮೂತ್ರಪಿಂಡದ ಗುಟ್ಟು ಹುಡುಕಿದ ವೈದ್ಯ ಡಾ. ರಿಚರ್ಡ್ ಬ್ರೈಟ್



ಬೆಳಿಗ್ಗೆ ಎದ್ದ ಮಗುವಿನ ಮುಖ ಊದಿಕೊಂಡಿದ್ದರೆ ನಾವು ಏನೆನ್ನುತ್ತೇವೆ? ನಿದ್ದೆ ಜಾಸ್ತಿಯಾಗಿದೆ ಎನ್ನುತ್ತೇವೆ, ಸೊಳ್ಳೆ ಕಚ್ಚಿರಬೇಕು ಎನ್ನುತ್ತೇವೆ. ಮಗುವಿಗೆ ಸ್ವಲ್ಪ ಮೈ ಬಂದಿದೆ ಎಂದು ಖುಷಿಪಡುವವರೂ ಉಂಟು. ಆ ಊತಕ್ಕೂ, ಬೆನ್ನಿನ ಒಳಬದಿಯಲ್ಲಿ ಪಕ್ಕೆಲುಬುಗಳ ಮರೆಯಲ್ಲಿರುವ ಎರಡು ಚಿಕ್ಕ ಅಂಗಗಳಿಗೂ ಸಂಬಂಧವಿರಬಹುದು ಎಂದು ಥಟ್ಟನೆ ಹೊಳೆಯುವುದಿಲ್ಲ. ಇನ್ನೂರು ವರ್ಷಗಳ ಹಿಂದೆ ಬಹುಪಾಲು ವೈದ್ಯರಿಗೂ ಹೊಳೆದಿರಲಿಲ್ಲ. ಮೈಯಲ್ಲಿ ನೀರು ತುಂಬಿಕೊಳ್ಳುವುದೇ ಒಂದು ಕಾಯಿಲೆ ಎಂದು ಅವರು ಭಾವಿಸಿದ್ದರು. ಅದು ಕಾಯಿಲೆಯಲ್ಲ, ಕಾಯಿಲೆಯ ಗುರುತು ಮಾತ್ರ, ಕಾಯಿಲೆ ಮೂತ್ರಪಿಂಡದಲ್ಲಿದೆ ಎಂದು ಆಧಾರ ಸಮೇತ ತೋರಿಸಿಕೊಟ್ಟವರು ಇಂಗ್ಲೆಂಡಿನ ಡಾ. ರಿಚರ್ಡ್ ಬ್ರೈಟ್. ಮುಂದೆ ನೂರು ವರ್ಷಗಳಿಗೂ ಹೆಚ್ಚು ಕಾಲ ಪ್ರಪಂಚದ ವೈದ್ಯರೆಲ್ಲ ಈ ರೋಗವನ್ನು ‘ಬ್ರೈಟ್ಸ್ ಡಿಸೀಸ್’ ಎಂದೇ ಕರೆದರು.

ಅವರ ಬದುಕನ್ನು ನೀವು ತಿಳಿಯಬೇಕು ಎಂಬುದಕ್ಕೆ ಇನ್ನೊಂದು ಕಾರಣವೂ ಇದೆ. ಅವರು ಗುರುತಿಸಿದ ರೋಗಕ್ಕೆ ಅವರ ಕೈಯಲ್ಲಿ ಔಷಧವಿರಲಿಲ್ಲ. ಅದರ ಮೂಲವೂ ಅವರಿಗೆ ಪೂರ್ತಿ ತಿಳಿಯಲಿಲ್ಲ. ಆದರೂ ಕಂಡಷ್ಟನ್ನು ನಿಷ್ಠೆಯಿಂದ ಬರೆದಿಟ್ಟರು. ಅವರು ಬಿಟ್ಟುಹೋದ ಪ್ರಶ್ನೆಗೆ ಉತ್ತರ ಹುಡುಕಲು ವಿಜ್ಞಾನಕ್ಕೆ ಒಂದೂವರೆ ಶತಮಾನ ಹಿಡಿಯಿತು.

ಬಾಲ್ಯ ಮತ್ತು ವಿದ್ಯಾಭ್ಯಾಸ

ರಿಚರ್ಡ್ ಬ್ರೈಟ್ ಅವರು 1789ರ ಸೆಪ್ಟೆಂಬರ್ 28ರಂದು ಇಂಗ್ಲೆಂಡಿನ ಬಂದರು ನಗರವಾದ ಬ್ರಿಸ್ಟಲ್‌ನಲ್ಲಿ ಜನಿಸಿದರು. ತಂದೆಯ ಹೆಸರೂ ರಿಚರ್ಡ್ ಬ್ರೈಟ್ ಎಂದೇ. ಅವರು ವರ್ತಕರು, ಬ್ಯಾಂಕಿನ ಒಡೆತನದಲ್ಲೂ ಪಾಲಿದ್ದವರು. ಆ ಕಾಲದ ಬ್ರಿಸ್ಟಲ್‌ನ ಅನೇಕ ಸಿರಿವಂತ ಮನೆತನಗಳಂತೆ ಈ ಮನೆತನದ ಸಂಪತ್ತಿಗೂ ವೆಸ್ಟ್ ಇಂಡೀಸ್‌ನ ವ್ಯಾಪಾರದ, ಅಂದರೆ ಗುಲಾಮರ ದುಡಿಮೆಯ ನಂಟಿತ್ತು. ಇದನ್ನು ಮರೆಮಾಚಬೇಕಾಗಿಲ್ಲ. ಮನೆಯಲ್ಲಿ ಓದಿಗೂ ವಿಜ್ಞಾನಕ್ಕೂ ಗೌರವವಿತ್ತು ಎಂಬುದೂ ಅಷ್ಟೇ ನಿಜ. ವ್ಯಾಪಾರಕ್ಕೆ ಇಳಿದಿದ್ದರೆ ಸುಖವಾಗಿ ಬದುಕಬಹುದಾಗಿದ್ದ ಹುಡುಗ ಬೇರೆಯೇ ದಾರಿ ಹಿಡಿದ.

1808ರಲ್ಲಿ ಅವರು ಸ್ಕಾಟ್ಲೆಂಡಿನ ಎಡಿನ್‌ಬರೋ ವಿಶ್ವವಿದ್ಯಾಲಯ ಸೇರಿದರು. ಮೊದಲು ತತ್ತ್ವಶಾಸ್ತ್ರ, ಗಣಿತ ಮುಂತಾದ ವಿಷಯಗಳನ್ನು ಓದಿ ಮರುವರ್ಷ ವೈದ್ಯಕೀಯಕ್ಕೆ ಬಂದರು. 1810ರಲ್ಲಿ ಸರ್ ಜಾರ್ಜ್ ಮೆಕೆಂಜಿ ಎಂಬುವರು ಐಸ್‌ಲೆಂಡ್ ದ್ವೀಪಕ್ಕೆ ಸಂಶೋಧನಾ ಪ್ರವಾಸ ಹೊರಟಾಗ, ಇಪ್ಪತ್ತರ ಹರೆಯದ ಬ್ರೈಟ್ ಕೂಡ ಜೊತೆಗೆ ಹೋದರು. ಹಿಮ, ಜ್ವಾಲಾಮುಖಿ, ಬಿಸಿನೀರಿನ ಬುಗ್ಗೆಗಳ ಆ ನಾಡಿನ ಗಿಡ ಹಾಗೂ ಪ್ರಾಣಿಗಳ ವಿವರ ಬರೆಯುವ ಕೆಲಸ ಅವರ ಪಾಲಿಗೆ ಬಂತು. ಕಣ್ಣಿಗೆ ಬಿದ್ದದ್ದನ್ನು ಕೂಡಲೇ ಬರೆದಿಡುವ, ಚಿತ್ರ ಬಿಡಿಸಿಡುವ ಅಭ್ಯಾಸ ಇಂಥ ಪ್ರವಾಸಗಳಲ್ಲಿ ಗಟ್ಟಿಯಾಯಿತು.

ಅಲ್ಲಿಂದ ಬಂದವರು ಲಂಡನ್ನಿನ ಗೈ ಆಸ್ಪತ್ರೆಯಲ್ಲಿ ಎರಡು ವರ್ಷ ಕಲಿತರು. ರೋಗಿ ಬದುಕಿದ್ದಾಗ ಕಂಡ ಲಕ್ಷಣಗಳನ್ನು ಮರಣೋತ್ತರ ಪರೀಕ್ಷೆಯಲ್ಲಿ ಕಾಣುವ ಅಂಗಗಳ ಜೊತೆ ಹೋಲಿಸಿ ನೋಡುವ ಕ್ರಮ ಅಲ್ಲಿತ್ತು. ಬ್ರೈಟ್ ಅವರಿಗೆ ಈ ಕ್ರಮ ಬಹಳ ಹಿಡಿಸಿತು. ಮತ್ತೆ ಎಡಿನ್‌ಬರೋಗೆ ಹಿಂದಿರುಗಿ 1813ರಲ್ಲಿ ವೈದ್ಯ ಪದವಿ ಪಡೆದರು.

ಪದವಿ ಸಿಕ್ಕ ಕೂಡಲೇ ಅವರು ದವಾಖಾನೆ ತೆರೆದು ಕೂರಲಿಲ್ಲ. 1814ರಲ್ಲಿ ಯುರೋಪ್ ಪ್ರವಾಸಕ್ಕೆ ಹೊರಟರು. ನೆಪೋಲಿಯನ್ನನ ಪತನದ ನಂತರ ದೊರೆಗಳೂ ಮಂತ್ರಿಗಳೂ ಸಭೆ ಸೇರಿದ್ದ ವಿಯೆನ್ನಾ ನಗರದಲ್ಲಿ ಆ ಚಳಿಗಾಲ ಕಳೆದರು. ಅಲ್ಲಿನ ಆಸ್ಪತ್ರೆಗಳನ್ನು ನೋಡಿದರು, ನಂತರ ಹಂಗೇರಿಯ ಹಳ್ಳಿಗಳನ್ನು ಸುತ್ತಿದರು. 1815ರಲ್ಲಿ ಹಿಂದಿರುಗುವಾಗ ವಾಟರ್ಲೂ ಯುದ್ಧ ಆಗತಾನೆ ಮುಗಿದಿತ್ತು. ಬ್ರಸೆಲ್ಸ್ ನಗರದ ಆಸ್ಪತ್ರೆಗಳು ಗಾಯಾಳುಗಳಿಂದ ತುಂಬಿಹೋಗಿದ್ದವು. ಬ್ರೈಟ್ ಅವರು ಅದನ್ನೂ ಕಣ್ಣಾರೆ ಕಂಡರು. ಹಂಗೇರಿಯ ಪ್ರವಾಸ ಕಥನವನ್ನು 1818ರಲ್ಲಿ ದೊಡ್ಡ ಗ್ರಂಥವಾಗಿ ಹೊರತಂದರು. ಅದರಲ್ಲಿ ಅವರೇ ಬಿಡಿಸಿದ ಚಿತ್ರಗಳಿವೆ.

ಗೈ ಆಸ್ಪತ್ರೆಯ ವಾರ್ಡಿನಲ್ಲಿ

ಲಂಡನ್ನಿಗೆ ಬಂದ ಮೇಲೆ ಅವರು ಕೆಲಕಾಲ ಜ್ವರದ ಆಸ್ಪತ್ರೆಯಲ್ಲಿ ಕೆಲಸ ಮಾಡಿದರು. ಅಲ್ಲಿ ರೋಗಿಗಳಿಂದ ಜ್ವರ ತಗುಲಿ ಸಾವಿನ ಬಾಗಿಲವರೆಗೆ ಹೋಗಿ ಬಂದರು. 1820ರಲ್ಲಿ ಗೈ ಆಸ್ಪತ್ರೆಯಲ್ಲಿ ಸಹಾಯಕ ವೈದ್ಯರಾದರು, 1824ರಲ್ಲಿ ಪೂರ್ಣ ಪ್ರಮಾಣದ ವೈದ್ಯರಾದರು. ಈ ಆಸ್ಪತ್ರೆಯನ್ನು 1721ರಲ್ಲಿ ಸ್ಥಾಪಿಸಿದವರು ಥಾಮಸ್ ಗೈ ಎಂಬ ಪುಸ್ತಕ ವ್ಯಾಪಾರಿ. ಬೇರೆ ಆಸ್ಪತ್ರೆಯವರು ವಾಸಿಯಾಗದೆಂದು ಕೈಬಿಟ್ಟ ಬಡ ರೋಗಿಗಳಿಗೂ ಒಂದು ಆಸರೆ ಬೇಕು ಎಂಬುದು ಅವರ ಆಶಯವಾಗಿತ್ತು. ಬ್ರೈಟ್ ಅವರ ಕಾಲದಲ್ಲಿ ಅಲ್ಲೇ ಥಾಮಸ್ ಅಡಿಸನ್ ಮತ್ತು ಥಾಮಸ್ ಹಾಡ್ಜ್‌ಕಿನ್ ಕೂಡ ಇದ್ದರು. ಈ ಮೂವರ ಹೆಸರಿನಲ್ಲೂ ಒಂದೊಂದು ರೋಗವಿದೆ. ಮೂವರೂ ಒಂದೇ ಛಾವಣಿಯಡಿ ಕೆಲಸ ಮಾಡಿದವರು ಎಂಬುದು ವೈದ್ಯಕೀಯ ಇತಿಹಾಸದ ಒಂದು ವಿಶೇಷ.

ಮನೆಯೊಳಗೆ ಮಾತ್ರ ದುಃಖ ಕಾದಿತ್ತು. 1822ರಲ್ಲಿ ಹಿರಿಯ ವೈದ್ಯ ವಿಲಿಯಂ ಬಾಬಿಂಗ್‌ಟನ್ ಅವರ ಮಗಳು ಮಾರ್ಥಾ ಅವರನ್ನು ಬ್ರೈಟ್ ಮದುವೆಯಾದರು. ಮರುವರ್ಷವೇ ಹೆರಿಗೆಯ ಬೆನ್ನಿಗೆ ಮಾರ್ಥಾ ತೀರಿಕೊಂಡರು. 1826ರಲ್ಲಿ ಎಲೈಜಾ ಫಾಲೆಟ್ ಅವರೊಂದಿಗೆ ಎರಡನೆಯ ವಿವಾಹವಾಯಿತು. ಈ ನೋವಿನ ವರ್ಷಗಳಲ್ಲೇ ಅವರ ಮುಖ್ಯ ಸಂಶೋಧನೆ ನಡೆಯುತ್ತಿತ್ತು ಎಂಬುದನ್ನು ಗಮನಿಸಿ.

ಚಮಚ ಮತ್ತು ಮೇಣದ ಬತ್ತಿ

ಮೂತ್ರ ನೋಡಿ ರೋಗ ತಿಳಿಯುವುದು ಹೊಸ ವಿಷಯವೇನಲ್ಲ. ಯುನಾನಿ ಹಕೀಮರು ಶೀಸೆಯಲ್ಲಿ ಕಾರೂರಾ ನೋಡುತ್ತಿದ್ದುದನ್ನು ನಮ್ಮ ಹಿರಿಯರು ಬಲ್ಲರು. ಇಬ್ನ್ ಸೀನಾ ಅವರ ‘ಅಲ್-ಖಾನೂನ್’ ಗ್ರಂಥದಲ್ಲಿ ಮೂತ್ರದ ಬಣ್ಣ, ಸಾಂದ್ರತೆ, ತಳದಲ್ಲಿ ನಿಲ್ಲುವ ಮಡ್ಡಿ ಇವುಗಳ ವಿಸ್ತಾರವಾದ ವಿವರಣೆಯಿದೆ. ಮೈ ಊದಿದ ಕೆಲವು ರೋಗಿಗಳ ಮೂತ್ರವನ್ನು ಕಾಯಿಸಿದರೆ ಹೆಪ್ಪುಗಟ್ಟುತ್ತದೆ ಎಂಬುದನ್ನೂ ಬ್ರೈಟ್ ಅವರಿಗಿಂತ ಮೊದಲೇ ಇಟಲಿಯ ಕೊಟುನ್ಯೋ, ಇಂಗ್ಲೆಂಡಿನ ವೆಲ್ಸ್ ಮತ್ತು ಬ್ಲ್ಯಾಕ್‌ಆಲ್ ಕಂಡಿದ್ದರು. ಆದರೆ ಅದು ಏನನ್ನು ಹೇಳುತ್ತದೆ ಎಂಬುದು ಸ್ಪಷ್ಟವಾಗಿರಲಿಲ್ಲ.

ಬ್ರೈಟ್ ಅವರ ಪರೀಕ್ಷೆ ಎಷ್ಟು ಸರಳ ನೋಡಿ. ಒಂದು ಚಮಚದಲ್ಲಿ ರೋಗಿಯ ಮೂತ್ರ ತೆಗೆದುಕೊಂಡು ಮೇಣದ ಬತ್ತಿಯ ಉರಿಯ ಮೇಲೆ ಹಿಡಿಯುವುದು, ಅಷ್ಟೇ. ಕೋಳಿಮೊಟ್ಟೆಯ ಬಿಳಿಭಾಗ ಬಿಸಿಗೆ ಗಟ್ಟಿಯಾಗುವಂತೆ ಕೆಲವರ ಮೂತ್ರ ಬೆಳ್ಳಗೆ ಹೆಪ್ಪುಗಟ್ಟುತ್ತಿತ್ತು. ಕಾರಣ, ಎರಡರಲ್ಲೂ ಇರುವುದು ಆಲ್ಬುಮಿನ್ ಜಾತಿಯ ಪ್ರೋಟೀನು. ರಕ್ತದಲ್ಲಿರಬೇಕಾದ ಪ್ರೋಟೀನು ಮೂತ್ರದಲ್ಲಿ ಏಕೆ ಬಂತು?

ಇಂಥ ರೋಗಿಗಳನ್ನು ಬ್ರೈಟ್ ಅವರು ದಿನದಿನವೂ ನೋಡಿ ಬರೆದಿಟ್ಟರು. ರೋಗಿ ತೀರಿಕೊಂಡರೆ ಮರಣೋತ್ತರ ಪರೀಕ್ಷೆಗೆ ತಾವೇ ಹಾಜರಾಗುತ್ತಿದ್ದರು. ಮೈಯಲ್ಲಿ ಊತ, ಮೂತ್ರದಲ್ಲಿ ಆಲ್ಬುಮಿನ್, ಒಳಗೆ ಕೆಟ್ಟುಹೋದ ಮೂತ್ರಪಿಂಡ, ಈ ಮೂರೂ ಮತ್ತೆ ಮತ್ತೆ ಒಟ್ಟಿಗೇ ಕಂಡವು. ಕೆಲವು ಮೂತ್ರಪಿಂಡ ದೊಡ್ಡದಾಗಿ ಬಿಳಿಚಿಕೊಂಡಿರುತ್ತಿತ್ತು, ಕೆಲವು ಮುರುಟಿ ಗಟ್ಟಿಯಾಗಿ ಹರಳುಹರಳಾಗಿರುತ್ತಿತ್ತು. ಯಕೃತ್ತು ಕೆಟ್ಟು ಹೊಟ್ಟೆಯಲ್ಲಿ ನೀರು ತುಂಬಿದವರ ಮೂತ್ರ ಸಾಮಾನ್ಯವಾಗಿ ಹೀಗೆ ಹೆಪ್ಪುಗಟ್ಟುತ್ತಿರಲಿಲ್ಲ. ಹಾಗಾಗಿ ಒಂದು ಚಮಚ, ಒಂದು ಬತ್ತಿ ಇದ್ದರೆ ಊತದ ಮೂಲ ಯಾವ ಅಂಗದಲ್ಲಿದೆ ಎಂದು ಬದುಕಿರುವ ರೋಗಿಯಲ್ಲೇ ಊಹಿಸುವ ದಾರಿ ಸಿಕ್ಕಿತು.

1827ರಲ್ಲಿ ಈ ವರದಿಗಳ ಮೊದಲ ಸಂಪುಟ ಪ್ರಕಟವಾಯಿತು. ಬಣ್ಣ ಹಾಕಿದ ಅದರ ಚಿತ್ರಗಳು ಇಂದಿಗೂ ಹೆಸರುವಾಸಿ. ಬ್ರೈಟ್ ಅವರು ಎಲ್ಲವನ್ನೂ ಒಬ್ಬರೇ ಮಾಡಿದೆ ಎಂದು ಹೇಳಿಕೊಳ್ಳಲಿಲ್ಲ. ರಸಾಯನಶಾಸ್ತ್ರ ಬಲ್ಲ ಜಾನ್ ಬೊಸ್ಟಾಕ್ ಅವರಿಂದ ರೋಗಿಗಳ ಮೂತ್ರ ಮತ್ತು ರಕ್ತವನ್ನು ಪರೀಕ್ಷೆ ಮಾಡಿಸಿದರು. ಮೂತ್ರದಲ್ಲಿ ಹೋಗಬೇಕಾದ ಯೂರಿಯಾ ಕಡಿಮೆಯಾಗಿದೆ, ರಕ್ತದಲ್ಲಿ ಇರಬೇಕಾದ ಆಲ್ಬುಮಿನ್ ಮೂತ್ರಕ್ಕೆ ಸೋರಿದೆ ಎಂಬುದು ಇದರಿಂದ ತಿಳಿಯಿತು. ಸೋಸುವ ಬಟ್ಟೆ ಹರಿದರೆ ಚಹಾದ ಪುಡಿ ಕೆಳಗಿಳಿಯುವುದಿಲ್ಲವೇ, ಹಾಗೆ.

ನೂರು ರೋಗಿಗಳು, 42 ಹಾಸಿಗೆಗಳು

1836ರಲ್ಲಿ ಬ್ರೈಟ್ ಅವರು ನೂರು ರೋಗಿಗಳ ವಿವರವನ್ನು ಪಟ್ಟಿ ಮಾಡಿ ಪ್ರಕಟಿಸಿದರು. ಒಂದೆರಡು ಉದಾಹರಣೆ ನೋಡಿ ತೀರ್ಮಾನಕ್ಕೆ ಬರುವುದು ಅವರ ಸ್ವಭಾವವಲ್ಲ. ಈ ಪಟ್ಟಿಯಿಂದ ಇನ್ನೊಂದು ಮುಖ್ಯ ಸಂಗತಿ ಹೊರಬಂತು. ಮೂತ್ರಪಿಂಡ ಕೆಟ್ಟವರಲ್ಲಿ ಅನೇಕರ ಹೃದಯವೂ ದಪ್ಪಗಾಗಿತ್ತು. ಕೆಟ್ಟ ರಕ್ತದಿಂದ ಸಣ್ಣ ರಕ್ತನಾಳಗಳಲ್ಲಿ ಹರಿವಿಗೆ ತಡೆಯುಂಟಾಗಿ ಹೃದಯ ಹೆಚ್ಚು ಶ್ರಮಪಡುತ್ತಿರಬಹುದೇ ಎಂದು ಅವರು ಯೋಚಿಸಿದರು. ಆಗ ರಕ್ತದೊತ್ತಡ ಅಳೆಯುವ ಉಪಕರಣವೇ ಬಳಕೆಯಲ್ಲಿರಲಿಲ್ಲ! ಇಂದು ಮೂತ್ರಪಿಂಡದ ರೋಗಿ ಹೋದ ಕೂಡಲೇ ವೈದ್ಯರು ಬಿ.ಪಿ. ನೋಡುವುದರ ಹಿಂದೆ ಇದೇ ಸಂಬಂಧವಿದೆ.

1842ರ ಬೇಸಿಗೆಯಲ್ಲಿ ಗೈ ಆಸ್ಪತ್ರೆ ಎರಡು ವಾರ್ಡುಗಳನ್ನು, ಒಟ್ಟು 42 ಹಾಸಿಗೆಗಳನ್ನು, ಮೂತ್ರಪಿಂಡದ ರೋಗಿಗಳಿಗೆಂದೇ ಆರು ತಿಂಗಳು ಮೀಸಲಿಟ್ಟಿತು. ಪಕ್ಕದಲ್ಲೇ ಪ್ರಯೋಗಾಲಯದ ವ್ಯವಸ್ಥೆ. ಕಿರಿಯ ವೈದ್ಯರಾದ ಬಾರ್ಲೋ ಮತ್ತು ರೀಸ್ ಜೊತೆಗಿದ್ದರು. ಒಂದೇ ಬಗೆಯ ರೋಗಿಗಳನ್ನು ಒಂದೆಡೆ ಇಟ್ಟು, ಹಲವರು ಸೇರಿ ಅಭ್ಯಾಸ ಮಾಡುವ ಇಂಥ ಏರ್ಪಾಟು ಆ ಕಾಲಕ್ಕೆ ತೀರಾ ಹೊಸದು.

ಆದರೆ ಚಿಕಿತ್ಸೆ? ರಕ್ತ ತೆಗೆಯುವುದು, ಭೇದಿಗೆ ಕೊಡುವುದು, ಬೆವರು ಬರಿಸುವುದು, ಪಥ್ಯ, ವಿಶ್ರಾಂತಿ, ಇಷ್ಟೇ ಆ ಕಾಲದ ವೈದ್ಯರಿಗೆ ಗೊತ್ತಿದ್ದದ್ದು. ಬ್ರೈಟ್ ಅವರ ಕೈಯಲ್ಲೂ ಇದ್ದದ್ದು ಅವೇ. ಬಹಳಷ್ಟು ರೋಗಿಗಳನ್ನು ಉಳಿಸಿಕೊಳ್ಳಲು ಅವರಿಗೆ ಆಗಲಿಲ್ಲ. ಈ ಸೋಲನ್ನು ಅವರು ಮುಚ್ಚಿಡಲಿಲ್ಲ. ಸತ್ತವರ ವಿವರವನ್ನೂ ಬದುಕಿದವರ ವಿವರದಷ್ಟೇ ಶ್ರದ್ಧೆಯಿಂದ ಬರೆದರು. ಆ ಬಡ ರೋಗಿಗಳ ಸಂಕಟ ವ್ಯರ್ಥವಾಗದೆ ಉಳಿದದ್ದು ಈ ಬರಹದಿಂದಲೇ.

1837ರಲ್ಲಿ ವಿಕ್ಟೋರಿಯಾ ರಾಣಿಯವರ ವೈದ್ಯರಲ್ಲಿ ಒಬ್ಬರಾಗಿ ಬ್ರೈಟ್ ನೇಮಕಗೊಂಡರು. ಲಂಡನ್ನಿನ ಬೇಡಿಕೆಯ ವೈದ್ಯರಾದರು. 1840ರ ದಶಕದ ನಡುವಿಗೆ ಗೈ ಆಸ್ಪತ್ರೆಯ ಕೆಲಸದಿಂದ ನಿವೃತ್ತರಾದರು. 1858ರ ಡಿಸೆಂಬರ್ 16ರಂದು ತಮ್ಮ 69ನೆಯ ವಯಸ್ಸಿನಲ್ಲಿ ನಿಧನರಾದರು. ಸಾವಿಗೆ ಕಾರಣವಾದದ್ದು ಹೃದಯದ ಕವಾಟದ ಕಾಯಿಲೆ. ಎಷ್ಟೋ ಜನರ ಶರೀರದಲ್ಲಿ ಸಾವಿನ ಕಾರಣ ಹುಡುಕಿದವರ ವಿಷಯದಲ್ಲೂ ಕಾರಣ ತಿಳಿದದ್ದು ಮರಣೋತ್ತರ ಪರೀಕ್ಷೆಯಿಂದಲೇ.

ಬ್ರೈಟ್ ಅವರಿಗೆ ಕಾಣದೆ ಹೋದದ್ದು

ವಿದ್ಯಾರ್ಥಿ ಮಿತ್ರರೇ, ಇಲ್ಲಿಂದ ಮುಂದಿನ ಕಥೆ ಬ್ರೈಟ್ ಅವರ ಬದುಕಿನ ನಂತರದ್ದು. ಆದರೆ ಅದು ಅವರ ಪಟ್ಟಿಯಿಂದಲೇ ಶುರುವಾಗುತ್ತದೆ. ಸ್ಕಾರ್ಲೆಟ್ ಜ್ವರ, ಅಂದರೆ ಗಂಟಲು ನೋವಿನ ಜೊತೆ ಮೈಮೇಲೆ ಕೆಂಪು ಗಂದೆ ಏಳುವ ಜ್ವರ, ಬಂದುಹೋದ ಮಕ್ಕಳಲ್ಲಿ ಈ ರೋಗ ಕಾಣಿಸಿಕೊಳ್ಳುತ್ತದೆ ಎಂದು ಅವರು ಗುರುತಿಸಿದ್ದರು. ವಿಚಿತ್ರವೆಂದರೆ ಜ್ವರ ಇದ್ದಾಗ ಮೂತ್ರಪಿಂಡಕ್ಕೆ ಏನೂ ಆಗುವುದಿಲ್ಲ. ಜ್ವರ ಬಿಟ್ಟು, ಮಗು ಎದ್ದು ಆಡತೊಡಗಿದ ಮೇಲೆ, ಎರಡು ಮೂರು ವಾರ ಕಳೆದು ಮುಖ ಊದುತ್ತದೆ. ರೋಗಾಣುವೇ ಮೂತ್ರಪಿಂಡವನ್ನು ತಿಂದಿದ್ದರೆ ಇಷ್ಟು ತಡವೇಕೆ?

ಉತ್ತರದ ಮೊದಲ ಸುಳಿವು ಸಿಕ್ಕಿದ್ದು ಬ್ರೈಟ್ ಅವರು ತರುಣರಾಗಿದ್ದಾಗ ಚಳಿಗಾಲ ಕಳೆದಿದ್ದ ಅದೇ ವಿಯೆನ್ನಾದಲ್ಲಿ, ತೊಂಬತ್ತು ವರ್ಷಗಳ ನಂತರ. ಅಲ್ಲಿನ ಮಕ್ಕಳ ವೈದ್ಯರಾದ ಕ್ಲೆಮೆನ್ಸ್ ಫಾನ್ ಪಿರ್ಕೆ ಮತ್ತು ಬೇಲಾ ಶಿಕ್, ಕುದುರೆಯ ರಕ್ತದಿಂದ ಮಾಡಿದ ಸೀರಂ ಚುಚ್ಚಿಸಿಕೊಂಡ ಮಕ್ಕಳಿಗೆ ಕೆಲವು ದಿನಗಳ ನಂತರ ಜ್ವರ, ಗಂದೆ, ಊತ ಬರುವುದನ್ನು 1905ರಲ್ಲಿ ವಿವರಿಸಿದರು. ಶರೀರ ಆ ಪರಕೀಯ ವಸ್ತುವಿನ ವಿರುದ್ಧ ಪ್ರತಿಕಾಯಗಳನ್ನು ತಯಾರಿಸಲು ಕೆಲವು ದಿನ ಬೇಕು. ತಯಾರಾದ ಪ್ರತಿಕಾಯ ಆ ವಸ್ತುವನ್ನು ಸಂಧಿಸಿದಾಗ ಕಾಯಿಲೆ ಏಳುತ್ತದೆ. ಸ್ಕಾರ್ಲೆಟ್ ಜ್ವರದ ನಂತರದ ತೊಂದರೆಗಳಿಗೂ ಇಂಥದೇ ಅಂತರವಿರುವುದನ್ನು ಶಿಕ್ ಗಮನಿಸಿದರು. ಅಂದರೆ ಕೇಡು ಬಂದದ್ದು ರೋಗಾಣುವಿನ ಹಲ್ಲಿನಿಂದಲ್ಲ, ಅದನ್ನು ಓಡಿಸಲು ಎದ್ದ ಶರೀರದ ಸ್ವಂತ ಕಾವಲು ಪಡೆಯಿಂದ. ಬೇಲಿಯೇ ಎದ್ದು ಹೊಲ ಮೇಯ್ದಂತೆ!

1930ರ ದಶಕದಲ್ಲಿ ಜಪಾನಿನ ಮಸುಗಿ ಅವರು, ಮೂತ್ರಪಿಂಡದ ವಿರುದ್ಧ ತಯಾರಾದ ಪ್ರತಿಕಾಯಗಳನ್ನು ಪ್ರಾಣಿಗಳಿಗೆ ಚುಚ್ಚಿ ಉರಿಯೂತ ಬರಿಸಿ ತೋರಿಸಿದರು. 1951ರಲ್ಲಿ ಡೆನ್ಮಾರ್ಕಿನ ಇವರ್ಸನ್ ಮತ್ತು ಬ್ರೂನ್, ಸೂಜಿಯಿಂದ ಮೂತ್ರಪಿಂಡದ ಚಿಕ್ಕ ಎಳೆ ತೆಗೆದು ನೋಡುವ ವಿಧಾನವನ್ನು ಪ್ರಕಟಿಸಿದರು. ಈಗ ಇದನ್ನೇ ಬಯಾಪ್ಸಿ ಎನ್ನುತ್ತಾರೆ. ಬ್ರೈಟ್ ಅವರು ರೋಗಿಯ ಸಾವಿನ ನಂತರ ಮಾತ್ರ ಕಾಣಬಹುದಾಗಿದ್ದದ್ದನ್ನು ವೈದ್ಯರು ರೋಗಿ ಬದುಕಿರುವಾಗಲೇ ಕಾಣುವಂತಾಯಿತು. ಪ್ರತಿಕಾಯಗಳಿಗೆ ಹೊಳೆಯುವ ಬಣ್ಣ ಅಂಟಿಸುವ ತಂತ್ರ ಬಂದ ಮೇಲೆ, ಅವು ಮೂತ್ರಪಿಂಡದ ಸೋಸುಗದ ಮೇಲೆ ಕೂತಿರುವುದು ಸೂಕ್ಷ್ಮದರ್ಶಕದಲ್ಲಿ ಕಣ್ಣಿಗೇ ಬಿತ್ತು.

ಮೂತ್ರಪಿಂಡದ ಕೋಶಗಳೂ ಸುಮ್ಮನಿರುವುದಿಲ್ಲ

ಏಕೆ ಮೂತ್ರಪಿಂಡಕ್ಕೇ ಈ ಪೆಟ್ಟು? ಅದರ ಕೆಲಸವೇ ಕಾರಣ. ಪ್ರತಿ ಮೂತ್ರಪಿಂಡದಲ್ಲಿ ಸುಮಾರು ಹತ್ತು ಲಕ್ಷ ನೆಫ್ರಾನುಗಳಿವೆ. ಒಂದೊಂದರ ತುದಿಯಲ್ಲೂ ಕೂದಲಿಗಿಂತ ತೆಳ್ಳಗಿನ ರಕ್ತನಾಳಗಳ ಒಂದು ಉಂಡೆಯಿದೆ. ಅದೇ ಸೋಸುಗ, ಅದರ ಹೆಸರು ಗ್ಲೊಮೆರುಲಸ್. ಹೃದಯ ಹೊರದೂಡುವ ರಕ್ತದ ಸುಮಾರು ಐದನೇ ಒಂದು ಭಾಗ ಮೂತ್ರಪಿಂಡಗಳ ಮೂಲಕವೇ ಹಾಯುತ್ತದೆ. ದಿನಕ್ಕೆ ಸುಮಾರು 180 ಲೀಟರು ದ್ರವ ಸೋಸಿ, ಅದರಲ್ಲಿ ಬಹುಪಾಲನ್ನು ಮತ್ತೆ ರಕ್ತಕ್ಕೆ ಹೀರಿಕೊಂಡು, ಒಂದೂವರೆ ಲೀಟರಿನಷ್ಟನ್ನು ಮಾತ್ರ ಮೂತ್ರವಾಗಿ ಹೊರಗೆ ಬಿಡುತ್ತದೆ. ಇಷ್ಟು ರಕ್ತ ಹಾಯುವಲ್ಲಿ, ರೋಗಾಣುವಿನ ತುಣುಕೂ ಪ್ರತಿಕಾಯವೂ ಬೆಸೆದ ಗಂಟುಗಳು ಸಿಕ್ಕಿಕೊಳ್ಳುವುದು ಸುಲಭ. ಕೆಲವೊಮ್ಮೆ ರೋಗಾಣುವಿನ ತುಣುಕು ಮೊದಲೇ ಬಂದು ಅಂಟಿಕೊಂಡು, ಪ್ರತಿಕಾಯ ಅದನ್ನು ಹುಡುಕಿಕೊಂಡು ಬರುವುದೂ ಉಂಟು.

ಪ್ರತಿಕಾಯ ಕೂತ ಕೂಡಲೇ ರಕ್ತದಲ್ಲಿರುವ ‘ಕಾಂಪ್ಲಿಮೆಂಟ್’ ಎಂಬ ಪ್ರೋಟೀನುಗಳ ಗುಂಪು ಎಚ್ಚರಗೊಳ್ಳುತ್ತದೆ. ಒಂದನ್ನು ಕಂಡು ಇನ್ನೊಂದು, ಇನ್ನೊಂದನ್ನು ಕಂಡು ಮತ್ತೊಂದು ಕೆಲಸಕ್ಕಿಳಿಯುತ್ತದೆ. ಅದರ ಕರೆ ಕೇಳಿ ಬಿಳಿ ರಕ್ತಕಣಗಳು ಧಾವಿಸಿ ಬರುತ್ತವೆ. ರೋಗಾಣುವನ್ನು ಕೊಲ್ಲಲು ಇಟ್ಟುಕೊಂಡ ರಾಸಾಯನಿಕಗಳನ್ನು ಅಲ್ಲಿ ಸುರಿಯುತ್ತವೆ. ಸೋಸುಗ ಹರಿಯುತ್ತದೆ. ಆಲ್ಬುಮಿನ್ನೂ ಕೆಂಪು ರಕ್ತಕಣಗಳೂ ಮೂತ್ರಕ್ಕೆ ಸೋರುತ್ತವೆ. ಉಪ್ಪು, ನೀರು ಹೊರಹೋಗದೆ ಮೈಯಲ್ಲೇ ನಿಂತು ಊತವಾಗುತ್ತದೆ.

ಇಷ್ಟೇ ಆಗಿದ್ದರೆ ಮೂತ್ರಪಿಂಡ ಕೇವಲ ಪೆಟ್ಟು ತಿಂದ ಅಂಗ ಎನ್ನಬಹುದಿತ್ತು. ಆದರೆ ಒಂದೇ ಕೈಯಿಂದ ಚಪ್ಪಾಳೆಯಾಗುವುದಿಲ್ಲ. ಮೂತ್ರಪಿಂಡದ ಕೋಶಗಳೂ ಈ ಗಲಾಟೆಯಲ್ಲಿ ಪಾಲ್ಗೊಳ್ಳುತ್ತವೆ ಎಂಬುದು ಕಳೆದ ಕೆಲವು ದಶಕಗಳ ಸಂಶೋಧನೆಯಿಂದ ತಿಳಿದುಬಂದಿದೆ. ಉರಿಯೂತ ಶುರುವಾದಾಗ ಸೋಸುಗದ ರಕ್ತನಾಳಗಳ ಒಳಪದರದ ಕೋಶಗಳು ತಮ್ಮ ಮೇಲೆ ಅಂಟುವ ಕೊಂಡಿಗಳನ್ನು ಮೂಡಿಸಿ, ಹರಿದು ಹೋಗುವ ಬಿಳಿ ಕಣಗಳನ್ನು ಹಿಡಿದು ನಿಲ್ಲಿಸುತ್ತವೆ. ರಕ್ತನಾಳಗಳ ನಡುವೆ ಆಧಾರವಾಗಿರುವ ಮೆಸಾಂಜಿಯಲ್ ಕೋಶಗಳು ಸಂಖ್ಯೆಯಲ್ಲಿ ಹೆಚ್ಚಿ, ಉರಿಯೂತ ಹೆಚ್ಚಿಸುವ ಸೈಟೊಕೈನ್ ಎಂಬ ಸಂದೇಶ ವಸ್ತುಗಳನ್ನು ಹೊರಬಿಡುತ್ತವೆ. ಸೋಸುಗದ ಹೊರಮೈಯನ್ನು ಬೆರಳು ಹೆಣೆದಂತೆ ತಬ್ಬಿಕೊಂಡಿರುವ ಪೋಡೋಸೈಟ್ ಕೋಶಗಳದು ಬೇರೆಯೇ ಕಷ್ಟ. ಒಮ್ಮೆ ಸತ್ತರೆ ಆ ಜಾಗ ತುಂಬಲು ಅವು ಸುಲಭವಾಗಿ ಮರಿಹಾಕುವುದಿಲ್ಲ. ಅಲ್ಲಿ ಗಾಯದ ಕಲೆ ಉಳಿದುಬಿಡುತ್ತದೆ.

ನಾಳಿಕೆಯ ಕೋಶಗಳ ಪಾತ್ರ ಇನ್ನೂ ಸೂಕ್ಷ್ಮ. ಸೋರಿ ಬಂದ ಪ್ರೋಟೀನನ್ನು ಮತ್ತೆ ಹೀರಿಕೊಳ್ಳುವುದು ಅವುಗಳ ಕೆಲಸ. ಹೊರೆ ಮಿತಿಮೀರಿದಾಗ ಅವು ಸಂಕಟದ ಸಂದೇಶ ಕಳಿಸುತ್ತವೆ. ಅದನ್ನು ಅರಿತು ಇನ್ನಷ್ಟು ಬಿಳಿ ಕಣಗಳು ನಾಳಿಕೆಗಳ ಸುತ್ತ ಸೇರುತ್ತವೆ. ಸಹಾಯಕ್ಕೆಂದು ಕರೆದವರಿಂದಲೇ ಮನೆ ತುಂಬಿ ಉಸಿರುಗಟ್ಟಿದ ಸ್ಥಿತಿ ಅದು. ಇದೇ ಕೋಶಗಳಲ್ಲಿ ಕೆಲವು ಯೂರೊಮಾಡ್ಯುಲಿನ್ ಎಂಬ ಪ್ರೋಟೀನು ತಯಾರಿಸಿ, ಮೂತ್ರದ ದಾರಿಯಲ್ಲಿ ರೋಗಾಣುಗಳು ಅಂಟಿಕೊಳ್ಳದಂತೆ ಕಾಪಾಡುವುದೂ ಉಂಟು. ಹಾಗಾಗಿ ಉರಿಯೂತವನ್ನು ಬರೀ ಶತ್ರು ಎನ್ನುವಂತಿಲ್ಲ. ಕೆಲಸ ಮುಗಿದ ಮೇಲೆ ಅದು ಇಳಿಯಬೇಕು. ಇಳಿದರೆ ಬಿಳಿ ಕಣಗಳಲ್ಲೇ ಕೆಲವು ಕಸ ಗುಡಿಸಿ, ಗಾಯ ಮಾಯಿಸುತ್ತವೆ. ಇಳಿಯದೆ ತಿಂಗಳುಗಟ್ಟಲೆ ಉಳಿದರೆ ನಾರಿನಂಥ ಕಲೆ ಬೆಳೆದು ಮೂತ್ರಪಿಂಡ ಮುರುಟುತ್ತದೆ. ಬ್ರೈಟ್ ಅವರ ಚಿತ್ರಗಳಲ್ಲಿರುವ ಆ ಚಿಕ್ಕ, ಗಟ್ಟಿ, ಹರಳುಹರಳು ಮೂತ್ರಪಿಂಡದಲ್ಲಿ ಕಾಣುವುದು ಇಂಥ ಕಲೆಯನ್ನೇ.

ಈಗ ‘ಬ್ರೈಟ್ಸ್ ಡಿಸೀಸ್’ ಎಂಬ ಒಂದೇ ಹೆಸರು ಬಳಕೆಯಲ್ಲಿಲ್ಲ. ಅದು ಹಲವು ರೋಗಗಳಾಗಿ ಒಡೆದಿದೆ. 1968ರಲ್ಲಿ ಫ್ರಾನ್ಸಿನ ಬೆರ್ಜೆ ಮತ್ತು ಅವರ ಸಹೋದ್ಯೋಗಿ ಐಜಿಎ ಎಂಬ ಪ್ರತಿಕಾಯ ಶೇಖರವಾಗುವ ಬಗೆಯನ್ನು ಗುರುತಿಸಿದರು. 2009ರಲ್ಲಿ ಇನ್ನೊಂದು ಬಗೆಯ ರೋಗದಲ್ಲಿ, ಪೋಡೋಸೈಟಿನ ಮೇಲಿರುವ ಒಂದು ಪ್ರೋಟೀನನ್ನೇ ಶರೀರದ ಪ್ರತಿಕಾಯ ಗುರಿಮಾಡುತ್ತದೆ ಎಂದು ಪತ್ತೆಯಾಯಿತು. ರಕ್ತದಲ್ಲಿ ಆ ಪ್ರತಿಕಾಯ ಹುಡುಕುವ ಪರೀಕ್ಷೆಯೂ ಬಂದಿದೆ. ಯಾವ ಕೋಶ ಯಾರನ್ನು ಕರೆಯುತ್ತಿದೆ ಎಂದು ತಿಳಿದಷ್ಟೂ ಕಾವಲು ಪಡೆಯನ್ನು ಪೂರ್ತಿ ಮಲಗಿಸದೆ ಬೇಕಾದಷ್ಟು ಮಾತ್ರ ತಣಿಸುವ ಔಷಧಗಳು ಸಾಧ್ಯವಾಗುತ್ತಿವೆ. ಬ್ರೈಟ್ ಅವರಿಗೆ ಇಲ್ಲದಿದ್ದದ್ದು ಇದೇ.

ನಮಗೆ ಏನು ಪಾಠ?

ಓದುಗ ಬಾಂಧವರೇ, ಸ್ಕಾರ್ಲೆಟ್ ಜ್ವರದ ರೋಗಾಣು ಸ್ಟ್ರೆಪ್ಟೊಕಾಕಸ್. ನಮ್ಮ ದೇಶದ ಮಕ್ಕಳಲ್ಲಿ ಇದೇ ಜಾತಿಯ ರೋಗಾಣು ಗಂಟಲು ನೋವು ತರುತ್ತದೆ, ಕಜ್ಜಿ ಕೆರೆದು ಕೀವಾದ ಹುಣ್ಣುಗಳಲ್ಲೂ ಸೇರಿಕೊಳ್ಳುತ್ತದೆ. ಗಂಟಲು ನೋವಾದ ಒಂದರಿಂದ ಮೂರು ವಾರಕ್ಕೆ, ಚರ್ಮದ ಹುಣ್ಣಾದ ಮೂರರಿಂದ ಆರು ವಾರಕ್ಕೆ ಮಗುವಿನ ಮುಖ ಊದಿ, ಮೂತ್ರ ಕಡಿಮೆಯಾಗಿ, ಹಾಲಿಲ್ಲದ ಚಹಾದ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ ಕಾಯದೆ ವೈದ್ಯರಲ್ಲಿಗೆ ಕರೆದೊಯ್ಯಿರಿ. ಹುಣ್ಣು ವಾಸಿಯಾಗಿದೆಯಲ್ಲ ಎಂದು ಸುಮ್ಮನಾಗಬೇಡಿ. ಆ ಅಂತರವೇ ಈ ರೋಗದ ಗುರುತು ಎಂದು ಈಗ ನಿಮಗೆ ಗೊತ್ತಾಗಿದೆ. ಸಕಾಲಕ್ಕೆ ನೋಡಿಕೊಂಡರೆ ಇಂಥ ಮಕ್ಕಳಲ್ಲಿ ಹೆಚ್ಚಿನವರು ಪೂರ್ತಿ ಗುಣವಾಗುತ್ತಾರೆ. ಕಜ್ಜಿ, ಹುಣ್ಣುಗಳಿಗೆ ಮೊದಲೇ ಚಿಕಿತ್ಸೆ ಮಾಡಿಸುವುದು, ಮೈಕೈ ಶುಚಿಯಾಗಿಡುವುದು ಇನ್ನೂ ಒಳ್ಳೆಯದು.

ದೊಡ್ಡವರಲ್ಲಿ ಸಕ್ಕರೆ ಕಾಯಿಲೆ ಅಥವಾ ಬಿ.ಪಿ. ಇರುವವರು ವರ್ಷಕ್ಕೊಮ್ಮೆಯಾದರೂ ಮೂತ್ರದಲ್ಲಿ ಆಲ್ಬುಮಿನ್ ಇದೆಯೇ ಎಂದು ನೋಡಿಸಬೇಕು. ಈಗ ಚಮಚ, ಮೇಣದ ಬತ್ತಿ ಬೇಕಾಗಿಲ್ಲ. ಬಣ್ಣ ಬದಲಿಸುವ ಒಂದು ಕಾಗದದ ಪಟ್ಟಿ ಸಾಕು. ಖರ್ಚೂ ಹೆಚ್ಚಲ್ಲ. ನೋವಿಲ್ಲದೆ ಬರುವ ರೋಗವಾದ್ದರಿಂದ ಹುಡುಕಿದವರಿಗೆ ಮಾತ್ರ ಅದು ಬೇಗ ಸಿಗುತ್ತದೆ. ತಿಳಿದವರನ್ನು ಕೇಳದೆ ದಿನವೂ ನೋವಿನ ಮಾತ್ರೆ ನುಂಗುವ ಅಭ್ಯಾಸವಿದ್ದರೆ ಅದನ್ನೂ ಬಿಡಬೇಕು.

ವಿಜ್ಞಾನ ಓದುವ ವಿದ್ಯಾರ್ಥಿಗಳಿಗೆ ಕೊನೆಯ ಮಾತು. ಬ್ರೈಟ್ ಅವರ ಬಳಿ ದುಬಾರಿ ಉಪಕರಣವಿರಲಿಲ್ಲ. ಅಡುಗೆಮನೆಯಲ್ಲಿ ಸಿಗುವ ಎರಡು ವಸ್ತುಗಳಿದ್ದವು, ನೋಡಿದ್ದನ್ನು ಅಂದಂದೇ ಬರೆಯುವ ಶಿಸ್ತಿತ್ತು, ತಿಳಿಯದ ಕಡೆ ಬಲ್ಲವರನ್ನು ಕೇಳುವ ವಿನಯವಿತ್ತು. ಗುಣಪಡಿಸಲು ಆಗದ ರೋಗಿಯ ಹಾಸಿಗೆಯ ಬಳಿಗೂ ಅವರು ಮರುದಿನ ಮತ್ತೆ ಹೋಗುತ್ತಿದ್ದರು. ನಿಮ್ಮ ಪ್ರಯೋಗದ ಪುಸ್ತಕದಲ್ಲಿ ಉತ್ತರ ಸರಿ ಬಾರದ ದಿನವೂ ಕಂಡದ್ದನ್ನೇ ಬರೆಯಿರಿ, ಪಕ್ಕದವರ ಉತ್ತರವನ್ನು ನಕಲು ಮಾಡಬೇಡಿ. 1836ರ ಆ ಪಟ್ಟಿ ಇಂದಿಗೂ ಬೆಲೆಯುಳ್ಳದ್ದಾಗಿರುವುದು ಅದರಲ್ಲಿ ಕಂಡದ್ದು ಮಾತ್ರ ಇರುವುದರಿಂದ.